ನಾಲ್ಕು ಚಾಂದ್ರಮಾಸದ ಬೆಳಕು

ಅಪ್ಪಯ್ಯನ ಕಣ್ಣು ಹೋಗುತ್ತಿದೆ ಎಂಬ ಸುದ್ದಿ ನನಗೆ ತಿಳಿದದ್ದು ಒಂದು ಕ್ವೇಸಾರ್‌ನಿಂದ. ಹೀಗೆ ಬರೆದರೆ ಏನೋ ದೊಡ್ಡ ಮಾತಾಡಿದ ಹಾಗೆ ಕೇಳುತ್ತದೆ. ನಿಜಕ್ಕೂ ಇದು ನಾಚಿಕೆಯ ಮಾತು. ನೂರಾರು ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಈ ತಿಂಗಳು ಎಷ್ಟು ಮಂಕಾಯಿತು, ಮುಂದಿನ ತಿಂಗಳು ಎಷ್ಟು ಏರಿತು ಎಂದು ಲೆಕ್ಕ ಇಡುತ್ತಿದ್ದವಳಿಗೆ, ದಿನಾ ಜಗಲಿಯಲ್ಲಿ ಎದುರು ಕೂತು ಕಾಫಿ ಕುಡಿಯುವ ಮನುಷ್ಯನ ಕಣ್ಣು ಮಂಕಾಗುತ್ತಿರುವುದು ಎರಡು ವರ್ಷ ಕಾಣಲಿಲ್ಲ. ಒಂದು ವರ್ಷ ಮೊದಲು ಬಂದಿದ್ದರೆ ಅರ್ಧ ದೃಷ್ಟಿಯನ್ನಾದರೂ ಉಳಿಸಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಒಂದು ವರ್ಷ ನಾನು ಏನು ಮಾಡುತ್ತಿದ್ದೆ ಎನ್ನುವುದನ್ನು ಬರೆದಿಡಬೇಕು ಅನ್ನಿಸಿದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದವು. ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ಶೃಂಗೇರಿಯಲ್ಲಿ, ಪೇಟೆಯ ಹಿಂದಿನ ಓಣಿಯಲ್ಲಿ. ಅಪ್ಪಯ್ಯ, ಅಮ್ಮ, ನಾನು, ಮೂರೇ ಜನ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುವುದು, ಸಂಜೆ ಐದರ ಬಸ್ಸಿಗೆ ಬರುವುದು. ಮದುವೆಯ ವಿಷಯ ತೆಗೆದವರಿಗೆಲ್ಲ ಪಿಎಚ್‌ಡಿ ಮುಗಿಯಲಿ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಪಿಎಚ್‌ಡಿ ಮುಗಿಯುವ ಲಕ್ಷಣ ಇರಲಿಲ್ಲ, ಅದೊಂದು ಅನುಕೂಲ.

ಅಪ್ಪಯ್ಯನದು ಪಂಚಾಂಗದ ಗಣಿತ. ಪ್ರತಿ ಯುಗಾದಿಗೆ ಮೊದಲು ವರ್ಷದ ತಿಥಿ ನಕ್ಷತ್ರಗಳನ್ನು ಕೈಯಲ್ಲೇ ಗಣಿಸಿ, ಪರಿಚಯದ ಮನೆತನಗಳಿಗೆ ಬರೆದು ಕೊಡುತ್ತಿದ್ದರು. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಮುಹೂರ್ತ ಇಟ್ಟುಕೊಡುತ್ತಿದ್ದರು. ಅಚ್ಚಾದ ಪಂಚಾಂಗ ಅಂಗಡಿಯಲ್ಲಿ ಸಿಗುತ್ತಿದ್ದರೂ ಅವರ ಕೈಬರಹದ ಹಾಳೆಯೇ ಬೇಕು ಎನ್ನುವವರು ಮೇಗುಂದದಿಂದ, ನರಸಿಂಹರಾಜಪುರದ ಕಡೆಯಿಂದ ಬರುತ್ತಿದ್ದರು. ಗಣಿತದ ಕೋಷ್ಟಕಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಆಕಾಶ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ನಾನು ಎಷ್ಟೋ ಸಲ ಅಂಗಳಕ್ಕೆ ಕರೆದಿದ್ದೇನೆ, ಬನ್ನಿ ಅಪ್ಪಯ್ಯ, ಶುಕ್ರ ಎಷ್ಟು ಚೆಂದ ಕಾಣ್ತಿದಾನೆ ನೋಡಿ ಎಂದು.

"ನೋಡೂದು ಎಂತಕ್ಕೆ ಕೂಸೇ? ಅವ ಎಲ್ಲಿದ್ದಾನೆ ಅಂತ ನಂಗೆ ಗೊತ್ತುಂಟಲ್ಲ" ಅನ್ನುತ್ತಿದ್ದರು.

ಇದು ಅವರೊಬ್ಬರ ಸೋಮಾರಿತನ ಅಲ್ಲ. ಅವರ ಗುರುಗಳೂ ನೋಡುತ್ತಿರಲಿಲ್ಲವಂತೆ. ಲೆಕ್ಕ ಸರಿಯಿದ್ದರೆ ಗ್ರಹ ಅಲ್ಲಿ ಇರಲೇಬೇಕು, ನೋಡಲು ಹೋಗುವುದೆಂದರೆ ಲೆಕ್ಕದ ಮೇಲೆ ಅನುಮಾನಪಟ್ಟ ಹಾಗೆ. ನಾನು ಇದನ್ನು ಕಾಲೇಜಿನಲ್ಲಿ ತಮಾಷೆಯಾಗಿ ಹೇಳಿ ಸಹೋದ್ಯೋಗಿಗಳನ್ನು ನಗಿಸುತ್ತಿದ್ದೆ.

ನನ್ನ ಸಂಶೋಧನೆ ಒಂದೇ ಒಂದು ಕ್ವೇಸಾರ್‌ನ ಮೇಲೆ. ಅದಕ್ಕೆ ಹೆಸರೆಂಬುದಿಲ್ಲ, ಆಕಾಶದಲ್ಲಿ ಅದು ಇರುವ ಜಾಗದ ಅಂಕಿಗಳೇ ಹೆಸರು. ತೀರಾ ದೂರದ ಒಂದು ಗೆಲಾಕ್ಸಿಯ ನಡುವೆ ದೈತ್ಯ ಕಪ್ಪುಕುಳಿ. ಅದರೊಳಗೆ ಬೀಳಲಿರುವ ಅನಿಲ ಕಾದು ಉರಿಯುವ ಬೆಳಕು. ದೊಡ್ಡ ದೂರದರ್ಶಕದಲ್ಲೂ ಅದೊಂದು ಚುಕ್ಕಿ ಅಷ್ಟೆ. ಆದರೆ ರೇಡಿಯೊ ಅಲೆಗಳಲ್ಲಿ ತೆಗೆದ ನಕ್ಷೆಯಲ್ಲಿ ಆ ಚುಕ್ಕಿಯಿಂದ ಒಂದು ಬದಿಗೆ ಉದ್ದಕ್ಕೆ ಚಿಮ್ಮಿದ ಜೆಟ್ ಕಾಣುತ್ತದೆ, ನಡುನಡುವೆ ಗಂಟುಗಳು. ಚುಕ್ಕಿಯ ಬೆಳಕು ಒಂದೇ ಸಮ ಇರುವುದಿಲ್ಲ. ವಾರಗಳಲ್ಲಿ ಏರುತ್ತದೆ, ತಿಂಗಳುಗಳಲ್ಲಿ ಇಳಿಯುತ್ತದೆ. ಬೆಳಕು ಏರಿದ ಕೆಲವು ತಿಂಗಳಿಗೆ ಜೆಟ್‌ನ ಬುಡದಲ್ಲಿ ಹೊಸ ಗಂಟು ಮೂಡುತ್ತದೆಯೇ? ಇಷ್ಟೇ ನನ್ನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಬೇರೆ ಬೇರೆ ಕಡೆಯವರು ವರ್ಷಗಟ್ಟಲೆ ಅಳೆದ ಬೆಳಕಿನ ಅಂಕಿಗಳು ಬೇಕಿತ್ತು. ಘಟ್ಟದ ಕೆಳಗಿನ ಊರಿನಲ್ಲಿದ್ದ ನನ್ನ ಗೈಡ್ ಅವನ್ನು ಕಂತೆ ಕಂತೆಯಾಗಿ ಕಳಿಸುತ್ತಿದ್ದರು. ಕಾಪಿಯ ಮೇಲೆ ಕಾಪಿ ತೆಗೆದ ಜೆರಾಕ್ಸ್ ಹಾಳೆಗಳು, ಕೆಲವದರಲ್ಲಿ ಅಕ್ಷರ ಇದೆಯೋ ಇಲ್ಲವೋ ಎನ್ನುವಷ್ಟು ತೆಳು ಶಾಯಿ.

ಒಂದು ಸಾಲು ಒಂದು ರಾತ್ರಿಯದು. ಮೊದಲು ದಿನಾಂಕ, ಆಮೇಲೆ ಗಂಟೆ, ಆಮೇಲೆ ಬಲಕ್ಕೆ ಮೂರು ಅಳತೆ. ದಿನಾಂಕವನ್ನು ಒಂದೇ ಎಣಿಕೆಯ ದಿನಗಳಿಗೆ ತಿರುಗಿಸಬೇಕು, ಮೂರು ಅಳತೆಗಳ ಸರಾಸರಿ ತೆಗೆಯಬೇಕು. ಇದನ್ನು ಒಂದು ಭಾನುವಾರ ನಾನು ಗೊಣಗುತ್ತ ಮಾಡುತ್ತಿದ್ದಾಗ ಅಪ್ಪಯ್ಯ ಕೇಳಿದರು. ಖಗೋಳದವರು ಒಂದು ಹಳೆಯ ದಿನದಿಂದ ಶುರುಮಾಡಿ ಕಳೆದ ದಿನಗಳನ್ನು ಒಂದೇ ಸಮ ಎಣಿಸುತ್ತಾರೆ, ತಿಂಗಳು ವರ್ಷದ ರಗಳೆ ಇಲ್ಲ ಎಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಅಹರ್ಗಣ ಅಲ್ದನೇ ಅದು! ನಾವು ಪಂಚಾಂಗಕ್ಕೆ ಮೊದ್ಲು ಮಾಡೂದೇ ಅದು. ನಿಮ್ಮವ್ರೂ ಕಡೆಗೆ ನಮ್ಮ ದಾರಿಗೇ ಬಂದ್ರು ಅನ್ನು. ತಾ ಇಲ್ಲಿ."

ಅಂದಿನಿಂದ ಆ ಕೆಲಸ ಅವರದಾಯಿತು. ನಾನು ಹಾಳೆ ಕೊಡುವುದು, ಅವರು ಉದ್ದನೆಯ ನೋಟುಬುಕ್ಕಿನಲ್ಲಿ ದಿನದ ಎಣಿಕೆ ಮತ್ತು ಸರಾಸರಿ ಬರೆದಿಡುವುದು, ನಾನು ಅದನ್ನು ಕಾಲೇಜಿನ ಕಂಪ್ಯೂಟರಿಗೆ ತುಂಬುವುದು. ಮೊದಲ ಕಂತೆಯನ್ನು ನಾನು ಸಾಲು ಸಾಲಾಗಿ ತಾಳೆ ನೋಡಿದೆ. ಒಂದೇ ಒಂದು ತಪ್ಪಿಲ್ಲ. ಎರಡನೆಯ ಕಂತೆಯಿಂದ ತಾಳೆ ನೋಡುವುದನ್ನು ಬಿಟ್ಟೆ. ಅಪ್ಪಯ್ಯನ ಲೆಕ್ಕವನ್ನು ತಾಳೆ ನೋಡುವುದು ನಮ್ಮ ಓಣಿಯಲ್ಲಿ ಯಾರಿಗೂ ತೋಚುವ ಸಂಗತಿಯಲ್ಲ.

ರೇಡಿಯೊ ನಕ್ಷೆಯನ್ನು ತೋರಿಸಿದಾಗ ಅವರು ಅದನ್ನು ಮುಖದ ಹತ್ತಿರ ಹಿಡಿದು, ಕತ್ತನ್ನು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. ನನಗೆ ಅದು ಶ್ರದ್ಧೆಯಾಗಿ ಕಂಡಿತು.

"ಒಂದೇ ಬದಿಗೆ ಹೋಗಿದ್ಯಲ್ಲ ಇದು. ಇನ್ನೊಂದು ಬದಿ?"

"ಆ ಬದಿಗೂ ಇರ್ತದೆ ಅಪ್ಪಯ್ಯ. ಅದು ನಮ್ಮಿಂದ ದೂರ ಹೋಗ್ತಾ ಇರೋದ್ರಿಂದ ಮಂಕಾಗಿ ಕಾಣೂದಿಲ್ಲ."

ಅವರು ನಕ್ಷೆಯನ್ನು ಮಡಚಿ ಕೊಟ್ಟರು.

ಈಗ ಹಿಂತಿರುಗಿ ನೋಡಿದರೆ ಮನೆಯ ತುಂಬ ಸೂಚನೆಗಳೇ. ಅಪ್ಪಯ್ಯ ಬೆಳಿಗ್ಗೆ ತುಂಗೆಗೆ ಸ್ನಾನಕ್ಕೆ ಹೋಗುವಾಗ ಮೆಟ್ಟಿಲಿಳಿಯುತ್ತ ಏನೋ ಪಿಸುಗುಟ್ಟುತ್ತಿದ್ದರು. ಮಂತ್ರ ಅಂದುಕೊಂಡಿದ್ದೆ. ಒಮ್ಮೆ ಹಿಂದೆಯೇ ಇಳಿಯುತ್ತಿದ್ದೆ, ಕಿವಿಗೆ ಬಿತ್ತು: ಹನ್ನೊಂದು, ಹನ್ನೆರಡು, ಹದಿಮೂರು. ಜೀವಮಾನವೆಲ್ಲ ಎಣಿಸಿದ ಬಾಯಿ, ಚಪಲಕ್ಕೆ ಎಣಿಸುತ್ತಿದೆ ಎಂದು ನಕ್ಕು ಬಿಟ್ಟೆ. ಅಮ್ಮ ಮನೆಯ ಒಂದು ಸಾಮಾನನ್ನೂ ಕದಲಿಸಲು ಬಿಡುತ್ತಿರಲಿಲ್ಲ. ನಾನು ಒಂದು ದಿನ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತು ಅಲ್ಲೇ ಬಿಟ್ಟು ಹೋದೆ. ಸಂಜೆ ಬಂದರೆ ಅಮ್ಮ ಕೆಂಡವಾಗಿದ್ದಳು.

"ಎಲ್ಲಿಂದ ತೆಗ್ದದ್ದೋ ಅಲ್ಲೇ ಇಡೂಕೆ ಎಂತ ರೋಗ ನಿಂಗೆ?"

ಒಂದು ಸ್ಟೂಲಿಗೆ ಇಷ್ಟು ರಂಪವೇ ಎಂದು ನಾನೂ ಕೂಗಾಡಿದೆ. ಅಪ್ಪಯ್ಯನ ಮೊಣಕಾಲಿನ ಕೆಳಗೆ ಅರಿಶಿನ ಹಚ್ಚಿದ್ದು ಕಂಡಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಮತ್ತೆ ಅವರ ಅಕ್ಷರ. ಮೊದಲ ನೋಟುಬುಕ್ಕಿನಲ್ಲಿ ಇರುವೆಯಂಥ ಅಂಕಿಗಳು. ಎರಡನೆಯದರಲ್ಲಿ ಬಾಲ್‌ಪೆನ್ ಹೋಗಿ ಸ್ಕೆಚ್ ಪೆನ್ ಬಂತು. ಮೂರನೆಯದರಲ್ಲಿ ಒಂದು ಪುಟಕ್ಕೆ ಹತ್ತೇ ಸಾಲು.

"ಅಪ್ಪಯ್ಯ, ಸಿನಿಮಾ ಬೋರ್ಡ್ ಬರೀತಿದೀರಾ?" ಎಂದು ಕೀಟಲೆ ಮಾಡಿದೆ.

"ನಿಂಗೆ ತುಂಬೂಕೆ ಸುಲಭ ಆಗ್ಲಿ ಅಂತ" ಅಂದರು.

ಆ ಚಳಿಗಾಲದಲ್ಲಿ ಸೀತೂರಿನ ಹತ್ತಿರ ಒಂದು ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಮುಹೂರ್ತ ಇಟ್ಟುಕೊಟ್ಟವರು ಅಪ್ಪಯ್ಯ, ಆದ್ದರಿಂದ ಆ ಮನೆಯವರು ಅವರು ಬರಲೇಬೇಕೆಂದು ಹಟ ಹಿಡಿದಿದ್ದರು. ಒಬ್ಬರೇ ಎಲ್ಲಿಗೂ ಹೋಗುವವರು ನನ್ನನ್ನು ಕರೆದರು, ನನಗೆ ಖುಷಿಯಾಯಿತು. ಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆವು. ಇಳಿಯುವಾಗ ನನ್ನ ಭುಜದ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. ಹೊಸ ಮನೆಯ ಗೋಡೆಯಲ್ಲಿ ದೊಡ್ಡ ಗಡಿಯಾರ, ನೇರ ಅವರ ಎದುರಿಗೇ. ಯಜಮಾನರು ಸಮಯ ಆಯಿತೇ ಎಂದು ಕೇಳಿದರು. ಅಪ್ಪಯ್ಯ ನನ್ನ ಕಡೆ ತಿರುಗಿ, "ಕೂಸೇ, ಗಂಟೆ ಎಷ್ಟು?" ಎಂದರು. ಹೇಳಿದೆ. ಅವರು ಎದ್ದು ಹೊಸಿಲ ಕಡೆ ಎರಡು ಹೆಜ್ಜೆ ಗಟ್ಟಿಯಾಗಿ ಇಟ್ಟರು. ಬಲಗಡೆ ಉರಿಯುತ್ತಿದ್ದ ಕಾಲುದೀಪಕ್ಕೆ ಕಾಲು ತಾಗಿ ದೀಪ ಉರುಳಿತು. ಎಣ್ಣೆ ರಂಗೋಲಿಯ ಮೇಲೆ ಹರಿದು ಬತ್ತಿ ಆರಿಹೋಯಿತು.

ಗೃಹಪ್ರವೇಶದ ದಿನ, ಮುಹೂರ್ತದ ಹೊತ್ತಿಗೆ, ಮುಹೂರ್ತ ಇಟ್ಟವರ ಕಾಲಿಂದ ದೀಪ ಆರಿತು. ಒಬ್ಬ ಮುದುಕಿ ಸೆರಗನ್ನು ಬಾಯಿಗೆ ಹಿಡಿದಳು. ಅಪ್ಪಯ್ಯ, "ಪಂಚೆ ಸಿಕ್ಕಿತು, ದೋಷ ಇಲ್ಲ, ಮತ್ತೆ ಹಚ್ಚಿ" ಎಂದು ನಿಂತಲ್ಲಿಂದ ಕದಲದೆ ಹೇಳಿದರು. ನನಗೆ ಸಿಟ್ಟು ಬಂದದ್ದು ದೀಪವನ್ನು ದಾರಿಯಲ್ಲಿಟ್ಟವರ ಮೇಲೆ. ದಾರಿಯಲ್ಲಿ ದೀಪ ಇಡ್ತಾರಾ, ತಲೆ ಬೇಡವಾ ಎಂದು ವಾಪಸು ಬರುವ ಬಸ್ಸಿನಲ್ಲಿ ಕೂಗಾಡುತ್ತಲೇ ಇದ್ದೆ.

ಅಪ್ಪಯ್ಯ ಕಿಟಕಿಯ ಕಡೆ ಮುಖ ಮಾಡಿದ್ದರು. "ಊರಿಗೆಲ್ಲ ಶಕುನ ಹೇಳೂ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಇದಾದ ಮೂರು ವಾರಕ್ಕೆ ನನಗೆ ನಿಧಿ ಸಿಕ್ಕಿತು. ಒಂದು ಶನಿವಾರ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಅಪ್ಪಯ್ಯನ ಮೂರೂ ನೋಟುಬುಕ್ಕುಗಳ ಅಂಕಿಗಳನ್ನು ಒಂದೇ ರೇಖೆಯಾಗಿ ಎಳೆದು ನೋಡಿದೆ. ಕ್ವೇಸಾರ್‌ನ ಬೆಳಕು ಸುಮ್ಮನೆ ಏರಿಳಿಯುತ್ತಿರಲಿಲ್ಲ. ಅದಕ್ಕೊಂದು ಆವರ್ತ ಇತ್ತು. ನೂರ ಹದಿನೆಂಟು ದಿನಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ, ಮತ್ತೆ ನೂರ ಹದಿನೆಂಟು ದಿನಕ್ಕೆ ಏರುತ್ತದೆ. ಕೊನೆಕೊನೆಗಂತೂ ಗಡಿಯಾರದಷ್ಟು ಚೊಕ್ಕ. ಇಂಥ ವಸ್ತುಗಳಲ್ಲಿ ಇಷ್ಟು ಚೊಕ್ಕ ಆವರ್ತ ಸಿಗುವುದು ಅಪರೂಪದಲ್ಲಿ ಅಪರೂಪ. ಸಿಕ್ಕರೆ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿರಬಹುದು. ಮುಂದಿನ ಏರಿಕೆ ಯಾವಾಗ, ಜೆಟ್‌ನಲ್ಲಿ ಹೊಸ ಗಂಟು ಯಾವಾಗ ಎಂದು ಮೊದಲೇ ಹೇಳಬಹುದು. ನಾನು ಆ ಖಾಲಿ ಲ್ಯಾಬಿನಲ್ಲಿ ಎದ್ದು ನಿಂತು ಎರಡು ಸಲ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಪೇಡೆ ಕಟ್ಟಿಸಿಕೊಂಡು ಮನೆಗೆ ಹೋದೆ. ಅಪ್ಪಯ್ಯನಿಗೆ ಆವರ್ತದ ವಿಷಯ ಹೇಳಿದಾಗ ಅವರ ಮುಖ ಅರಳಿತು.

"ನಂಗೆ ಮೊದ್ಲೇ ಗೊತ್ತಿತ್ತು. ಆಕಾಶದಲ್ಲಿ ಇಪ್ಪೂದೆಲ್ಲ ಲೆಕ್ಕಕ್ಕೆ ಸಿಕ್ಕೇ ಸಿಗ್ತದೆ" ಅಂದರು. ಪೇಡೆಗೆ ಚಾಚಿದ ಕೈ ತಟ್ಟೆಯ ಅಂಚನ್ನು ಬಡಿಯಿತು. ಅಮ್ಮ ಬೇಗ ಬಂದು ಒಂದನ್ನು ಅವರ ಅಂಗೈಯಲ್ಲಿಟ್ಟಳು.

ಆ ಮೇಲಿನ ಹತ್ತು ತಿಂಗಳು ನಾನು ಮನೆಯಲ್ಲಿದ್ದೂ ಇರಲಿಲ್ಲ. ಗೈಡ್‌ಗೆ ಕಾಗದ, ಪ್ರಬಂಧದ ಕರಡು, ಮತ್ತೆ ಕರಡು. ಅಪ್ಪಯ್ಯನಿಗೆ ಹೊಸ ಹಾಳೆಗಳನ್ನು ಕೊಡುವುದು, ಬರೆದದ್ದನ್ನು ಎತ್ತಿಕೊಂಡು ಓಡುವುದು. ನನ್ನ ಲೆಕ್ಕದ ಪ್ರಕಾರ ಹೊಸ ಗಂಟು ಜೆಟ್‌ನ ಬುಡದಲ್ಲಿ ಕಾಣಬೇಕಾದ ತಿಂಗಳು ಬಂತು, ಹೋಯಿತು. ಹೊಸ ರೇಡಿಯೊ ನಕ್ಷೆಯಲ್ಲಿ ಬುಡ ಇದ್ದ ಹಾಗೇ ಇತ್ತು. ಗಂಟು ತೀರಾ ಚಿಕ್ಕದಿರಬಹುದು ಎಂದು ಕರಡಿನಲ್ಲಿ ಒಂದು ಸಾಲು ಸೇರಿಸಿದೆ. ಬೇಕಾದದ್ದನ್ನು ನಂಬಲು ಮನುಷ್ಯರಿಗೆ ಒಂದು ಸಾಲು ಸಾಕು.

ಕಡೆಗೆ ಗೈಡ್ ಕಾಲೇಜಿಗೆ ಫೋನ್ ಮಾಡಿದರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತುಕೊಂಡೇ ಮಾತಾಡಿದೆ.

"ನೋಡಮ್ಮ, ನಿನ್ನ ಅಂಕಿಗಳ ಪ್ರಕಾರ ಬೆಳಕು ಎರಡು ಸಲ ಜೋರಾಗಿ ಏರಿದೆ. ಜೆಟ್ ಮಾತ್ರ ಅಲ್ಲಾಡಿಲ್ಲ. ಇನ್ನೊಂದು ಮಾತು. ನೂರ ಹದಿನೆಂಟು ದಿನ ಅಂದರೆ ಎಷ್ಟು ಅಂತ ಯೋಚನೆ ಮಾಡಿದ್ದೀಯಾ? ಸರಿಯಾಗಿ ನಾಲ್ಕು ಚಾಂದ್ರಮಾಸ. ಅಷ್ಟು ದೂರದ ವಸ್ತುವಿಗೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಹಂಗು ಎಲ್ಲಿಂದ ಬಂತು? ಎಲ್ಲೋ ಬೆಳದಿಂಗಳು ಬೆರೆತಿದೆ, ಇಲ್ಲ ಅಂಕಿ ಕೆಟ್ಟಿದೆ. ಮೂಲ ಹಾಳೆ ತೆಗೆದು ನೋಡು."

ಬೆಳದಿಂಗಳು ಅಲ್ಲ ಎನ್ನುವುದು ಆಗಲೇ ಗೊತ್ತಾಗಿತ್ತು. ಬೆಳದಿಂಗಳಾದರೆ ತಿಂಗಳಿಗೊಂದು ಸಲ ಬರಬೇಕು. ನಾಲ್ಕು ತಿಂಗಳನ್ನು ಕೂಡಿಸಿ ಒಂದು ಚಕ್ರ ಮಾಡುವುದು ಮನುಷ್ಯನ ಕೆಲಸ, ಅದೂ ಚಾಂದ್ರಮಾನದಲ್ಲಿ ಯೋಚಿಸುವ ಮನುಷ್ಯನ ಕೆಲಸ.

ಮರುದಿನ ರಜೆ ಹಾಕಿದೆ. ಅಪ್ಪಯ್ಯ ಸ್ನಾನಕ್ಕೆ ಹೋದಾಗ ಹಾಳೆಗಳನ್ನೂ ನೋಟುಬುಕ್ಕುಗಳನ್ನೂ ನೆಲದ ಮೇಲೆ ಹರಡಿದೆ. ಮೊದಲ ನೋಟುಬುಕ್ಕು ಅಪ್ಪಟ. ಎರಡನೆಯದರ ಮೊದಲ ಪುಟಗಳೂ ಸರಿ. ಆಮೇಲೆ ಒಂದು ಪುಟದಲ್ಲಿ ಸರಾಸರಿ ಸ್ವಲ್ಪ ತಪ್ಪಿತ್ತು. ಲೆಕ್ಕ ಹಾಕಿ ನೋಡಿದೆ. ಅವರು ಮೂರು ಅಳತೆಗಳ ಬದಲು ಎರಡನ್ನೇ ತೆಗೆದುಕೊಂಡಿದ್ದರು. ಬಲತುದಿಯ ಮೂರನೆಯ ಅಳತೆ ಅವರ ಪಾಲಿಗೆ ಇರಲೇ ಇಲ್ಲ. ಕೆಲವು ಪುಟಗಳ ನಂತರ ಎರಡನೆಯದೂ ಇಲ್ಲ, ಒಂದೇ ಅಳತೆ, ಅದನ್ನೇ ಸರಾಸರಿ ಅಂತ ಬರೆದಿದ್ದಾರೆ. ಕಪ್ಪಾಗಿ ಅಚ್ಚಾದ ಹಾಳೆಗಳಲ್ಲಿ ಮತ್ತೆ ಸರಿ, ತೆಳು ಹಾಳೆಗಳಲ್ಲಿ ತಪ್ಪು. ಮೂರನೆಯ ನೋಟುಬುಕ್ಕಿನಲ್ಲಿ, ಎಡತುದಿಯ ದಿನಾಂಕದಿಂದ ತೆಗೆದ ದಿನದ ಎಣಿಕೆ ಬಿಟ್ಟರೆ, ಅಂಕಿಗಳಿಗೂ ಹಾಳೆಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಒಂದೇ ಒಂದು ಸರಾಸರಿ ತಾಳೆಯಾಗಲಿಲ್ಲ. ಅದರ ರಟ್ಟಿನ ಒಳಗೆ ಒಂದು ಮಡಚಿದ ಕಾಗದ ಇತ್ತು. ಸ್ಕೆಚ್ ಪೆನ್ನಿನ ದಪ್ಪ ಅಕ್ಷರದಲ್ಲಿ ಹನ್ನೆರಡು ಸಾಲಿನ ಕೋಷ್ಟಕ, ಎಷ್ಟು ದಿನಕ್ಕೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂದು. ಮೇಲೆ ತಲೆಬರಹ: ಕೂಸಿನ ನಕ್ಷತ್ರದ ಕೋಷ್ಟಕ.

ಮೊದಲ ವರ್ಷದ ನಿಜವಾದ ಅಂಕಿಗಳಲ್ಲಿ ಬೆಳಕು ಮೂರು ಸಲ ಹತ್ತಿರ ಹತ್ತಿರ ನಾಲ್ಕು ತಿಂಗಳಿಗೆ ಏರಿತ್ತು. ಕಾಕತಾಳೀಯ. ಅಷ್ಟನ್ನೇ ಹಿಡಿದು ಅವರು ಸೂತ್ರ ಕಟ್ಟಿದ್ದರು. ಕಣ್ಣು ಓದಲಾರದೆ ಹೋದಾಗ ಮುಂದಿನದೆಲ್ಲವನ್ನೂ ಗಣಿಸಿದ್ದರು.

ನಾನು ಆಗ ಮಾಡಿದ್ದು ಕ್ರೂರ ಕೆಲಸ. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಮೂರು ವರ್ಷದ ಕೆಲಸ ಹಾಳಾಯಿತಲ್ಲ ಎಂಬ ಸಿಟ್ಟು, ಇನ್ನೂ ಇದು ಕಣ್ಣಿನ ವಿಷಯವಲ್ಲ, ಬರೀ ಉದಾಸೀನ ಇರಬಹುದು ಎಂಬ ಆಸೆ. ಅಪ್ಪಯ್ಯ ಬಂದು ಜಗಲಿಯಲ್ಲಿ ಕೂತರು. ಬೆಳಗಿನ ಬಿಸಿಲು ಅವರ ತೊಡೆಯ ಮೇಲೆ ಬಿದ್ದಿತ್ತು. ನಾನು ಒಂದು ಹಾಳೆಯನ್ನು ಅವರ ಕೈಗೆ ಕೊಟ್ಟೆ.

"ಅಪ್ಪಯ್ಯ, ಇದು ಇವತ್ತು ಬಂದ ಹಾಳೆ. ಮೊದಲ ಸಾಲು ಸ್ವಲ್ಪ ಓದಿ ಹೇಳಿ. ಹೋದ ಹುಣ್ಣಿಮೆಯ ಮರುದಿನದ್ದು."

ಅವರು ಹಾಳೆಯನ್ನು ಹತ್ತಿರ ಹಿಡಿದರು, ಕತ್ತು ಓರೆ ಮಾಡಿದರು. ತುಟಿ ಸ್ವಲ್ಪ ಅಲುಗಿತು. ಆಮೇಲೆ ಒಂದೂ ತಡವರಿಸದೆ ಅಳತೆಗಳನ್ನು ಓದತೊಡಗಿದರು. ಹದಿನಾರು ಬಿಂದು ನಾಲ್ಕು ಎರಡು. ಹದಿನಾರು ಬಿಂದು ನಾಲ್ಕು ಒಂದು. ಹದಿನಾರು ಬಿಂದು ನಾಲ್ಕು ಮೂರು.

ಅದು ಖಾಲಿ ಹಾಳೆ. ಎರಡೂ ಕಡೆ ಏನೂ ಬರೆದಿರಲಿಲ್ಲ.

ಅವರು ಎರಡನೆಯ ಸಾಲನ್ನೂ ಓದಿದರು. ನಾನು ಕಂಬಕ್ಕೆ ಒರಗಿದೆ. ಓಣಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಮೂರನೆಯ ಸಾಲಿಗೆ ಬಂದಾಗ ನನ್ನಿಂದ ಒಂದು ಹ್ಞೂಂ ಕೂಡ ಬರಲಿಲ್ಲ ಎನ್ನುವುದು ಅವರಿಗೆ ತಿಳಿಯಿತು. ಓದುವುದು ನಿಂತಿತು. ಬೆರಳಿನಿಂದ ಹಾಳೆಯನ್ನು ಮೇಲಿಂದ ಕೆಳಗೆ ಸವರಿದರು.

"ಇದ್ರಲ್ಲಿ ಎಂತೂ ಇಲ್ಲ, ಅಲ್ದನೇ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು ನಿಂತಳು, ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು ಎನ್ನುವುದು ಆ ಒಂದು ನೋಟಕ್ಕೆ ನನಗೆ ಗೊತ್ತಾಯಿತು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದು ನಾನು ಕಿರುಚಿದೆ. ಯಾರನ್ನು ಕೇಳಿದೆನೋ ನನಗೇ ತಿಳಿಯದು.

ಅಪ್ಪಯ್ಯನೇ ಉತ್ತರ ಹೇಳಿದರು. "ಹೇಳಿರೆ ಊರಿಗೆ ಗೊತ್ತಾಗ್ತದೆ. ಕಣ್ಣಿಲ್ದವನ ಹತ್ರ ಮುಹೂರ್ತ ಕೇಳೂಕೆ ಯಾರು ಬರ್ತಾರೆ? ಪಂಚಾಂಗ ಬಾಯಲ್ಲುಂಟು, ಅದು ನಡೀತದೆ. ನಿನ್ನ ಅಂಕಿ ಒಂದು ಹೊಸದು. ಅದನ್ನೂ ಗಣಿತ ಮಾಡಿರೆ ಆತು ಅಂದ್ಕೊಂಡೆ. ಎಂತ, ಎಲ್ಲಾ ತಪ್ಪಾ?"

ಎಲ್ಲಾ ತಪ್ಪು ಎಂದು ಹೇಳಿದೆ. ಇಷ್ಟು ಹೊತ್ತಿಗೆ ಅಳು ಬಂದಿತ್ತು.

ಅದೇ ವಾರ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಗಲ್ಲವನ್ನು ಯಂತ್ರದ ಮೇಲಿಟ್ಟು, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಪಕ್ಕದಲ್ಲಿ ಕೂತಿದ್ದೆ. ಗುಂಡಿ ಒತ್ತುವ ಸದ್ದಿಗಾಗಿ ಕಾದೆ. ಬಹಳ ಹೊತ್ತು ಸದ್ದಿಲ್ಲ. ಒಮ್ಮೆ ಟಿಕ್ ಎಂದಿತು, ಮತ್ತೆ ಸದ್ದಿಲ್ಲ. ಆಮೇಲೆ ಬಂದ ಕಾಗದದಲ್ಲಿ ಬಲಗಣ್ಣು ಪೂರ್ತಿ ಕಪ್ಪು. ಎಡಗಣ್ಣಿನಲ್ಲಿ ನಡುವೆ ಅಕ್ಕಿಕಾಳಿನಷ್ಟು ಬಿಳಿ ಉಳಿದಿತ್ತು. ಕಣ್ಣಿನ ಒತ್ತಡ ಏರಿ ನರ ಒಣಗಿದೆ, ನೋವಿಲ್ಲದ ಕಾಯಿಲೆ, ಬಲಗಡೆಯಿಂದ ಸದ್ದಿಲ್ಲದೆ ತಿಂದುಕೊಂಡು ಬಂದಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿಗಳಿಂದ ಹಿಡಿದಿಡಲು ನೋಡೋಣ ಎಂದರು ಡಾಕ್ಟರು. ಒಂದು ವರ್ಷದ ಮಾತು ಹೇಳಿದ್ದೂ ಆಗಲೇ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ವರ್ಷದ ಹಿಂದೆ ಅಂದರೆ ದೀಪ ಉರುಳಿದ ದಿನ, ಪೇಡೆಯ ದಿನ. ಎರಡ್ಮೂರು ಪುಟ ತಾಳೆ ನೋಡಿದ್ದರೂ ಸಾಕಿತ್ತು. ಅವರ ತಪ್ಪುಗಳು ಬಲತುದಿಯಿಂದ ಎಡಕ್ಕೆ ತಿಂಗಳು ತಿಂಗಳೂ ಸರಿದುಬಂದದ್ದು ನೋಟುಬುಕ್ಕಿನಲ್ಲಿ ಪುಟ ಪುಟಕ್ಕೂ ಇತ್ತು. ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಪ್ರಬಂಧವನ್ನು ಬಿಟ್ಟುಬಿಡುವ ಮನಸ್ಸಿತ್ತು. ಬಿಡಲು ಕೊಡದವರು ಅಪ್ಪಯ್ಯ. ಎಲ್ಲವನ್ನೂ ಮೊದಲಿಂದ ಮಾಡೋಣ, ನೀನು ಓದು, ನಾನು ಬಾಯಲ್ಲೇ ಸರಾಸರಿ ತೆಗೆದು ಹೇಳುತ್ತೇನೆ, ನೀನು ಬರೆದುಕೋ ಎಂದರು. ಹಾಗೇ ಶುರುವಾಯಿತು. ದಿನಕ್ಕೆರಡು ಸಲ ನಾನು ಅವರ ಕಣ್ಣಿಗೆ ಹನಿ ಬಿಡುವುದು, ರಜೆಯ ಬೆಳಿಗ್ಗೆ ಒಳಕೋಣೆಯಲ್ಲಿ ಕೂತು ಓದುವುದು. ಎಡಗಣ್ಣಿನ ಆ ಚೂರಿನಲ್ಲಿ ಅವರಿಗೆ ನನ್ನ ಕೈ, ಹಾಳೆಯ ಬಿಳಿ ಕಾಣುತ್ತಿತ್ತು. ಬಳೆ ಹೊಸದಾ ಎಂದು ಒಂದು ದಿನ ಕೇಳಿದರು, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೊಸ ಅಂಕಿಗಳಲ್ಲಿ ಆವರ್ತ ಇರಲಿಲ್ಲ. ಬೆಳಕು ತನಗೆ ಬೇಕಾದಾಗ ಏರುತ್ತಿತ್ತು, ಬೇಕಾದಾಗ ಇಳಿಯುತ್ತಿತ್ತು. ಅದನ್ನು ಅಪ್ಪಯ್ಯನಿಗೆ ಹೇಳಿದೆ.

"ಹಂಗಾರೆ ಅದು ಯಾವತ್ತು ಮಂಕಾಗ್ತದೆ ಅಂತ ಮೊದ್ಲೇ ಹೇಳೂಕೆ ಬರೂದಿಲ್ಲ."

"ಇಲ್ಲ ಅಪ್ಪಯ್ಯ."

"ಯಾರಿಗೂ?"

"ಯಾರಿಗೂ ಇಲ್ಲ."

ಆ ಬೇಸಿಗೆ, ಮೇ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಒಳಕೋಣೆಗೆ ಕಿಟಕಿಯಿಲ್ಲ, ಟ್ಯೂಬ್‌ಲೈಟ್ ಹಾಕಿಕೊಂಡೇ ಕೂರುತ್ತಿದ್ದೆವು. ಸೆಖೆ ಅಂತ ಫ್ಯಾನು ಸಣ್ಣಗೆ ಹಾಕಿ, ಹಾಳೆಗಳು ಹಾರದಂತೆ ಮೇಲೊಂದು ಲೋಟ ಇಟ್ಟಿದ್ದೆ. ಕೊನೆಯ ಕಂತೆಯಲ್ಲಿ ಎಂಟು ಹಾಳೆ ಮಾತ್ರ ಉಳಿದಿದ್ದವು. ನಾನು ಒಂದು ಸಾಲು ಓದಿದೆ, ಅವರು ಸರಾಸರಿ ಹೇಳಿದರು. ಇನ್ನೊಂದು ಓದಿದೆ, ಹೇಳಿದರು. ಮೂರನೆಯದನ್ನು ಓದಿ ಬರೆಯಲು ಪೆನ್ನು ಹಿಡಿದು ಕಾದೆ. ಉತ್ತರ ಬರಲಿಲ್ಲ. ತಲೆಯೆತ್ತಿ ನೋಡಿದೆ. ಅಪ್ಪಯ್ಯ ಕತ್ತನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ನಿಧಾನವಾಗಿ ಎಡಕ್ಕೆ. ಕೈ ಮೇಲೆತ್ತಿ ಮುಖದ ಮುಂದೆ ಒಮ್ಮೆ ಆಡಿಸಿದರು.

"ಕೂಸೇ, ಕರೆಂಟ್ ಹೋತಾ?"

ಟ್ಯೂಬ್‌ಲೈಟಿನ ಬೆಳಕು ಅವರ ಹಣೆಯ ಮೇಲೆ, ತೆರೆದ ಎರಡೂ ಕಣ್ಣುಗಳ ಮೇಲೆ ಬಿದ್ದಿತ್ತು. ಇನ್ನೊಂದೇ ಒಂದು ಗಳಿಗೆಯ ನೆಮ್ಮದಿ ಅವರಿಗೆ ಸಿಗಲಿ ಅನ್ನಿಸಿತು.

"ಹೌದು ಅಪ್ಪಯ್ಯ, ಈಗ ಹೋಯ್ತು" ಎಂದೆ.

ಅವರು ಮುಖವನ್ನು ಮೇಲಕ್ಕೆ, ಸದ್ದು ಬರುತ್ತಿದ್ದ ಕಡೆಗೆ ಎತ್ತಿದರು.

"ಫ್ಯಾನು ತಿರುಗ್ತಾ ಉಂಟಲ್ಲೇ" ಅಂದರು.

ಅವರ ಕೈ ನೆಲದ ಮೇಲೆ ತಡಕಾಡಿ ನನ್ನ ಮೊಣಕಾಲನ್ನು ಹುಡುಕಿ ಹಿಡಿಯಿತು.

"ಇಲ್ಲದ್ದನ್ನ ಓದ್ಬೇಡ ಕೂಸೇ. ಹಾಳೆಯಲ್ಲಿ ಇದ್ದದ್ದು ಓದು."

ನಾನು ಕಣ್ಣೊರೆಸಿಕೊಂಡು ಆ ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ.